ರಾಯರ ದತ್ತಿ

(ಅಮೆರಿಕದ ಕ್ಲೀವ್‌ಲ್ಯಾಂಡ್. ಸಂಜೆ ನಾಲ್ಕು. ಶಾಲೆ ಬಿಟ್ಟ ಮಕ್ಕಳು ಬಂದು ಸೇರುವ ಕೇಂದ್ರವೊಂದರ ಹೊರಗಿನ ಬೆಂಚು. ಸಹಕಾರ ಸಂಘದ ನಿವೃತ್ತ ಕಾರ್ಯದರ್ಶಿ ರಾಮರಾಯರು, ಅಲ್ಲಿ ವಾರಕ್ಕೊಮ್ಮೆ ಲೆಕ್ಕ ಹೇಳಿಕೊಡುವ ಮಗಳು ವೀಣಾ.)

ರಾಯರು: ಪಾಠ ಪುಕ್ಕಟೆ, ಬಾಳೆಹಣ್ಣು ಪುಕ್ಕಟೆ, ಆಟ ಪುಕ್ಕಟೆ. ಇದರಲ್ಲಿ ಏನೋ ಇದೆ ಕಣೇ. ಎಲೆಕ್ಷನ್ ಯಾವಾಗ?

ವೀಣಾ: ಎಲೆಕ್ಷನ್ ಅಲ್ಲಪ್ಪ. ಶಾಲೆ ಮೂರಕ್ಕೆ ಬಿಡುತ್ತೆ, ಅಪ್ಪ ಅಮ್ಮ ಮನೆಗೆ ಬರೋದು ಆರಕ್ಕೆ. ಅಲ್ಲೀವರೆಗೂ ಮಕ್ಕಳು ಬೀದೀಲಿ ಇರಬಾರದು ಅಂತ.

ರಾಯರು: ನಾವೆಲ್ಲ ಬೀದೀಲೇ ಬೆಳೆದೋರು.

ವೀಣಾ: ನಿಮ್ಮ ಬೀದೀಲಿ ಜಗಲಿಗೊಬ್ಬ ಅಜ್ಜಿ ಕಾವಲಿದ್ರು. ಇಲ್ಲಿ ಆ ಅಜ್ಜಿಗೆ ಸಂಬಳ ಕೊಡಬೇಕು.

ರಾಯರು: ಯಾರು ಕೊಡ್ತಾರೆ?

ವೀಣಾ: ಒಂದಷ್ಟು ಸರ್ಕಾರ, ಒಂದಷ್ಟು ಸಮುದಾಯ ಪ್ರತಿಷ್ಠಾನ. ಊರಿನವರು ಕೊಟ್ಟಿದ್ದು, ಉಯಿಲಲ್ಲಿ ಬರೆದಿಟ್ಟಿದ್ದು ಎಲ್ಲ ಒಟ್ಟುಮಾಡಿ ಹೂಡಿಕೆ ಮಾಡ್ತಾರೆ. ವರ್ಷಕ್ಕೆ ನೂರಕ್ಕೆ ಐದರ ಆಸುಪಾಸು ತೆಗೆದು ಇಂಥ ಕೇಂದ್ರಗಳಿಗೆ ಅನುದಾನ.

ರಾಯರು: ದತ್ತಿನಿಧಿ ಅನ್ನು! ಅಷ್ಟಕ್ಕೆ ಇಷ್ಟುದ್ದ ಹೆಸರಾ? ನಮ್ಮಪ್ಪನ ಹೆಸರಲ್ಲಿ ನಾನೂ ಹೈಸ್ಕೂಲಲ್ಲಿ ಇಟ್ಟಿದೀನಲ್ಲ.

ವೀಣಾ: ಕನ್ನಡ ಟೈಪ್‌ರೈಟಿಂಗ್‌ನಲ್ಲಿ ಮೊದಲು ಬಂದವರಿಗೆ. ಕೊನೇ ಸಲ ಯಾರಿಗೆ ಕೊಟ್ರು?

ರಾಯರು: (ಕೆಮ್ಮಿ) ಬಡ್ಡಿ ಬೆಳೀತಾ ಇದೆ.

ವೀಣಾ: ಈ ಊರಲ್ಲಿ ಫ್ರೆಡರಿಕ್ ಗಾಫ್ ಅಂತ ಬ್ಯಾಂಕಿನ ಅಧ್ಯಕ್ಷರಿದ್ರು. ಅವರಿಗೂ ಇದೇ ತಲೆನೋವು. ಸತ್ತವರ ಷರತ್ತಿಗೆ ಸಿಕ್ಕಿಕೊಂಡ ದುಡ್ಡು ಬದುಕಿರೋರಿಗೆ ಸಿಗಲ್ಲ. ಸೇಂಟ್ ಲೂಯಿಸ್‌ನ ಮಾಜಿ ಮೇಯರ್ ಒಬ್ಬರು 1851ರಲ್ಲಿ ತೀರಿಕೊಂಡಾಗ, ಪಶ್ಚಿಮಕ್ಕೆ ವಲಸೆ ಹೋಗೋ ಬಡವರಿಗೆ ಅಂತ ಆಸ್ತಿಯ ಮೂರನೇ ಒಂದು ಪಾಲು ಬರೆದಿಟ್ಟಿದ್ರು. ಗಾಡಿ ಕಟ್ಟಿಕೊಂಡು ಹೋಗೋರು ಮುಗಿದ್ರು, ದುಡ್ಡು ಮುಗೀಲಿಲ್ಲ.

ರಾಯರು: ಪಾಪ, ನನ್ನಂಥ ಯೋಗ್ಯ ಮನುಷ್ಯ.

ವೀಣಾ: ಅದಕ್ಕೇ ಗಾಫ್ 1914ರಲ್ಲಿ ಕ್ಲೀವ್‌ಲ್ಯಾಂಡ್ ಫೌಂಡೇಷನ್ ಶುರುಮಾಡಿದ್ರು. ಜಗತ್ತಿಗೇ ಮೊದಲನೇ ಸಮುದಾಯ ಪ್ರತಿಷ್ಠಾನ. ಷರತ್ತು ಹಳಸಿದ್ರೆ ಕಮಿಟಿಯವರು ಬದಲಾಯಿಸಬಹುದು.

ರಾಯರು: ಸತ್ತೋನ ಮಾತನ್ನ ಕಮಿಟಿ ತಿದ್ದೋದಾ? ನಮ್ಮ ಸಂಘದಲ್ಲಿ ನಡಾವಳಿ ತಿದ್ದಿದ್ದಕ್ಕೆ ಒಬ್ಬನ್ನ ಸಸ್ಪೆಂಡ್ ಮಾಡಿದ್ವಿ.

ವೀಣಾ: ಹಾಗಂತ ಇಲ್ಲೇನು ಎಲ್ಲ ಸುಸೂತ್ರ ಅಂದ್ಕೋಬೇಡಿ. ಅನುದಾನ ಬಹಳ ಸಲ ಒಂದೇ ವರ್ಷಕ್ಕೆ. ಮತ್ತೆ ಅರ್ಜಿ, ಮತ್ತೆ ವರದಿ. ಕಂಪ್ಯೂಟರ್ ಕೊಡಿಸೋಕೆ ದಾನಿಗಳು ಸಿಗ್ತಾರೆ. ಮಕ್ಕಳನ್ನ ಮನೆಗೆ ಬಿಡೋ ಬಸ್ಸಿನ ಡ್ರೈವರ್ ಸಂಬಳ ಅಂದ್ರೆ ಫೋನೇ ಎತ್ತಲ್ಲ.

ರಾಯರು: ನಮ್ಮೂರ ದೇವಸ್ಥಾನದಲ್ಲೂ ಅಷ್ಟೇ. ಟ್ಯೂಬ್‌ಲೈಟ್ ಮೇಲೆಲ್ಲ ದಾನಿಗಳ ಹೆಸರು, ಕರೆಂಟ್ ಬಿಲ್ ಮೇಲೆ ಒಬ್ಬನದೂ ಇಲ್ಲ. (ಜೇಬು ಮುಟ್ಟಿಕೊಂಡು) ತಗೋ, ಐವತ್ತು ಡಾಲರ್. ಡ್ರೈವರ್ ಸಂಬಳಕ್ಕೇ ಹಾಕಿ.

ವೀಣಾ: ಅಪ್ಪಾ! ನಿಜವಾಗ್ಲೂ?

ರಾಯರು: ಆದ್ರೆ ಬಸ್ಸಿನ ಮೇಲೆ ನಮ್ಮಪ್ಪನ ಹೆಸರು, ಕನ್ನಡದಲ್ಲಿ. ಡ್ರೈವರ್ ಶನಿವಾರ ಒಪ್ಪೊತ್ತು ಇರಬೇಕು.

ವೀಣಾ: ಗುಂಡುಕಲ್ಲಿನ ಹಾಗಿದೀರಿ, ಈಗಲೇ ಷರತ್ತಾ?

ರಾಯರು: ಮತ್ತಿನ್ಯಾವಾಗ? ಸತ್ತಮೇಲೆ ನಿಮ್ಮ ಕಮಿಟಿ ತಿದ್ದಿಬಿಡುತ್ತೆ ಅಂತ ನೀನೇ ಹೇಳಿದೆಯಲ್ಲೇ!