ಪಿಸ್ತೂಲು ಮೀಮಾಂಸಕರು

ಟೆಕ್ಸಾಸಿನ ಡಲ್ಲಾಸ್ ನಗರದ ಸುತ್ತಣ ಬಡಾವಣೆಗಳಲ್ಲಿ ನೆಲೆಸಿ, ಮನೆಯ ಸಾಲವನ್ನೂ ಅಮೆರಿಕದ ಪೌರತ್ವವನ್ನೂ ಕ್ರಮವಾಗಿ ಸಂಪಾದಿಸಿ, ಐವತ್ತರ ಅಂಚಿನಲ್ಲಿ ಹೊಸ ಹವ್ಯಾಸವೊಂದಕ್ಕಾಗಿ ಹಾತೊರೆಯುವ ಕನ್ನಡಿಗರ ನಡುವೆ ನಮ್ಮ ರಾಯರಂಥವರು ಒಬ್ಬರಾದರೂ ಇದ್ದೇ ಇರುತ್ತಾರೆ. ಓಡುತ್ತ, ತಿರುಗುತ್ತ, ಗಡಿಯಾರದೊಡನೆ ಸೆಣಸುತ್ತ ಗುಂಡು ಹಾರಿಸುವ ಪ್ರಾಯೋಗಿಕ ಶೂಟಿಂಗ್ ಸ್ಪರ್ಧೆಯನ್ನು ನೋಡಿಬಂದದ್ದೇ ತಡ, ಅವರಿಗೆ ಪಿಸ್ತೂಲಿನ ಗೀಳು ಹಿಡಿಯಿತು. ಪಿಸ್ತೂಲು ಮಾತ್ರ ಇನ್ನೂ ಕೈಹಿಡಿದಿಲ್ಲ.

ಶಾಸ್ತ್ರಭಾಗದಲ್ಲಿ ರಾಯರನ್ನು ಮೀರಿಸುವವರಿಲ್ಲ. 1976ರಲ್ಲಿ ಮಿಸೌರಿಯ ಕೊಲಂಬಿಯಾದಲ್ಲಿ ಈ ಕ್ರೀಡೆಯ ಅಂತರರಾಷ್ಟ್ರೀಯ ಒಕ್ಕೂಟವು ಜನ್ಮತಳೆಯಿತೆಂಬುದನ್ನೂ, ಜೆಫ್ ಕೂಪರ್ ಅದರ ಪ್ರಥಮಾಧ್ಯಕ್ಷನೆಂಬುದನ್ನೂ ಅತಿಥಿಯು ಕಾಫಿಯ ಲೋಟ ಕೆಳಗಿಡುವುದರೊಳಗೆ ನಿವೇದಿಸಿಬಿಡುವರು. 124 ಗ್ರೇನ್ ತೂಕದ ಗುಂಡು ಸೆಕೆಂಡಿಗೆ 1,050 ಅಡಿ ವೇಗದಲ್ಲಿ ಹೊರಟರೆ, ತೂಕವನ್ನು ವೇಗದಿಂದ ಗುಣಿಸಿ ಸಾವಿರದಿಂದ ಭಾಗಿಸಲು 130.2 ಬರುವುದೆಂದೂ, ಗುಂಡಿನ ಬಲಕ್ಕೆ ಸ್ಪರ್ಧೆಯ ನಿಯಮ ವಿಧಿಸುವ 125ರ ಕನಿಷ್ಠ ಮಿತಿಗೆ ಅದು ಧಾರಾಳವಾಯಿತೆಂದೂ ದಿನಸಿ ಚೀಟಿಯ ಬೆನ್ನಮೇಲೆ ಲೆಕ್ಕಹಾಕಿ ತೋರಿಸುವರು.

ಆಯ್ಕೆಯ ಪ್ರಶ್ನೆ ಬಂದಿತೆಂದರೆ ರಾಯರು ತರ್ಕಪಂಡಿತರಾಗುವರು. ಗ್ಲಾಕ್ 17 ಗಟ್ಟಿಮುಟ್ಟು, ಆದರೆ ಟ್ರಿಗರ್ ಒರಟು, ಸಿಜೆಡ್ ಶ್ಯಾಡೋ 2 ಉಕ್ಕಿನ ದೇಹದ್ದಾದುದರಿಂದ ಕೈಯಲ್ಲಿ ಕುಪ್ಪಳಿಸದು, ಆದರೆ ಭಾರ, ಕೂಪರನಿಗೆ ಪ್ರಿಯವಾದ .45ರ 1911 ಪರಂಪರಾಗತವಾದದ್ದು, ಆದರೆ 8 ಗುಂಡಿನ ಮ್ಯಾಗಜಿನ್ನನ್ನು 32 ಗುಂಡುಗಳ ಸುತ್ತಿನಲ್ಲಿ ಬದಲಾಯಿಸುವುದರಲ್ಲೇ ಹೊತ್ತು ಕಳೆಯುವುದು. ಹೀಗೆ ಪೂರ್ವಪಕ್ಷಗಳ ಖಂಡನೆಯು ಸಾಂಗವಾಗಿ ನೆರವೇರಿ, ಸಿದ್ಧಾಂತವು ಮುಂದಿನ ತಿಂಗಳಿಗೆ ಹೋಗುವುದು.

ಮೊನ್ನೆ ರಾಯರು ಮನೆಯಾಕೆಯೊಡನೆ ಮತ್ತೆ ಬಂದೂಕಿನ ಅಂಗಡಿಗೆ ಹೋದಾಗ ಅಂಗಡಿಯವನು ಮ್ಯಾಗಜಿನ್ ತೆಗೆದು, ಸ್ಲೈಡನ್ನು ಹಿಂದಕ್ಕೆಳೆದು, ಒಳಗೆ ಗುಂಡಿಲ್ಲವೆಂದು ತೋರಿಸಿ ಪಿಸ್ತೂಲನ್ನು ಗಾಜಿನ ಕಟ್ಟೆಯ ಮೇಲಿಟ್ಟ. ರಾಯರು ಅದನ್ನು ಹಿಡಿದರು, ಹಿಡಿಯ ಒರಟುತನವನ್ನು ಹೆಬ್ಬೆರಳಿನಿಂದ ಸವರಿದರು, ಕಣ್ಣು ಕಿರಿದುಮಾಡಿದರು, ನಿಟ್ಟುಸಿರಿಟ್ಟು ಕೆಳಗಿಟ್ಟರು.

“ರೀ, ಹೋದ ಯುಗಾದಿಗೂ ಇದನ್ನೇ ಹೀಗೇ ಸವರಿ ಹೀಗೇ ಇಟ್ಟಿರಿ,” ಎಂದರು ಮನೆಯಾಕೆ.

“ಸುಮ್ಮನಿರೆ, ಆತುರಪಟ್ಟು ಕೊಳ್ಳುವ ವಸ್ತುವೇ ಇದು?”

ಆ ಭಾನುವಾರ ಸ್ಪರ್ಧೆಯ ಮೈದಾನದಲ್ಲಿ ಹೈಸ್ಕೂಲು ಹುಡುಗಿಯೊಬ್ಬಳು ಎರವಲು ತಂದ ಹಳೆಯ ಗ್ಲಾಕಿನಿಂದ ಹಿರಿಯರನೇಕರನ್ನು ಹಿಂದಿಕ್ಕಿದಳು. “ಒಳ್ಳೆಯ ಟ್ರಿಗರ್ ಇದ್ದಿದ್ದರೆ ಪಾಪ, ಇನ್ನೂ ಚೆನ್ನಾಗಿ ಹೊಡೆಯುತ್ತಿದ್ದಳು,” ಎಂದು ರಾಯರು ಮರುಗಿದರು.

ಹೊಸಬರಿಗೆ ಬೇಕಾದದ್ದು ಸ್ವಲ್ಪವೇ: ಕೈಗೊಪ್ಪುವ, ತಡವರಿಸದ, ಸಾಮಾನ್ಯವಾದೊಂದು 9 ಎಂಎಂ ಪಿಸ್ತೂಲು, ಟ್ರಿಗರನ್ನು ಮುಚ್ಚುವ ಗಟ್ಟಿ ಒರೆ, ಬಿಗಿಯಾದ ಬೆಲ್ಟು, ನಾಲ್ಕೈದು ಮ್ಯಾಗಜಿನ್ನು, ಉಳಿದ ಹಣವೆಲ್ಲ ಗುಂಡಿಗೆ ಮತ್ತು ಗುರುವಿಗೆ. ನಳಿಗೆಯ ಮೂತಿ 180 ಡಿಗ್ರಿಯ ರೇಖೆಯನ್ನು ಮೀರಿ ಹಿಂದಕ್ಕೆ ತಿರುಗಿದರೆ ಎಂಥ ಪಿಸ್ತೂಲಿನ ಒಡೆಯನನ್ನೂ ಕಣದಿಂದ ಹೊರಹಾಕುವರು. ಗಳಿಸಿದ ಅಂಕವನ್ನು ಹಿಡಿದ ಕಾಲದಿಂದ ಭಾಗಿಸುವುದಷ್ಟೇ ಇಲ್ಲಿಯ ಲೆಕ್ಕ. ಪಿಸ್ತೂಲಿನ ಬೆಲೆಗೆ ಅಂಕಪಟ್ಟಿಯಲ್ಲಿ ಅಂಕಣವೇ ಇಲ್ಲ.