ಅಗಲಪರದೆ ಮೀಮಾಂಸೆ: ಕಡೂರು, ತರೀಕೆರೆ, ಅಜ್ಜಂಪುರದ ಹಜಾರಗಳನ್ನು ಕುರಿತ ಒಂದು ಶಾಸ್ತ್ರೀಯ ಅಧ್ಯಯನ

ಬಿ.ಎಲ್. ರೈಸ್ ಸಾಹೇಬರು ಕಡೂರು ಜಿಲ್ಲೆಯ ಶಾಸನಗಳನ್ನೆಲ್ಲ ಹುಡುಕಿಸಿ, ಓದಿಸಿ, ‘ಎಪಿಗ್ರಾಫಿಯಾ ಕರ್ನಾಟಿಕಾ’ದ 6ನೇ ಸಂಪುಟವಾಗಿ 1901ರಲ್ಲಿ ಹೊರತಂದರು. ಗದ್ದೆ ದಾನ ಕೊಟ್ಟವರು, ಕೆರೆ ಕಟ್ಟಿಸಿದವರು, ಕಾದಾಡಿ ಸತ್ತವರು ಎಲ್ಲರೂ ಕಲ್ಲಿನ ಮೇಲೆ ಹೆಸರು ಉಳಿಸಿಕೊಂಡರು. ಐವತ್ತೈದು ಇಂಚಿನ ಟಿವಿ ತಂದು, ಅದನ್ನು ಎಲ್ಲಿಡಬೇಕೆಂದು ತೋಚದೆ ನಡುಮನೆಯಲ್ಲಿ ನಿಂತ ಗೃಹಸ್ಥನ ಬಗ್ಗೆ ಮಾತ್ರ ಯಾವ ಕಲ್ಲೂ ಬಾಯಿ ಬಿಡುವುದಿಲ್ಲ. ಆ ಕೊರತೆ ನೀಗಿಸಲೆಂದೇ ಈ ಪ್ರಬಂಧ.

ಶಾಸ್ತ್ರದ ಪದ್ಧತಿಯಂತೆ ಮೊದಲು ಅನುಬಂಧ ಚತುಷ್ಟಯ. ವಿಷಯ: ಅಗಲ ಪರದೆಯ ಟಿವಿ ಮತ್ತು ಅದಕ್ಕೆ ತಕ್ಕ ಸೌಂಡು. ಪ್ರಯೋಜನ: ಮನೆಯಲ್ಲಿ ಸಿನಿಮಾ, ಅದು ಆಗದಿದ್ದರೆ ಮನೆಯಲ್ಲಿ ಶಾಂತಿ. ಸಂಬಂಧ: ಬೆಂಗಳೂರಿನಲ್ಲಿರುವ ಮಗ ಅಥವಾ ಅಳಿಯ. ಅಧಿಕಾರಿ: ದುಡ್ಡು ಕೊಡುವವರಲ್ಲ, ರಿಮೋಟು ಹಿಡಿಯುವವರು. ಇಬ್ಬರೂ ಒಂದೇ ಎಂದು ಇನ್ನೂ ನಂಬಿರುವ ಯಜಮಾನರು ಇಲ್ಲಿಗೇ ಓದು ನಿಲ್ಲಿಸಬಹುದು.

ಇನ್ನು ಉಗಮ ವಿಚಾರ. ಅಗಲ ಪರದೆಯ ಸಿನಿಮಾಸ್ಕೋಪ್ 1953ರ ‘ದಿ ರೋಬ್’ ಚಿತ್ರದಿಂದ ಶುರುವಾಯಿತು, ಹಿಂದಿಗೆ 1959ರಲ್ಲಿ ‘ಕಾಗಜ್ ಕೆ ಫೂಲ್’ ಮೂಲಕ ಬಂತು, ಕನ್ನಡಕ್ಕೆ 1977ರಲ್ಲಿ ‘ಸೊಸೆ ತಂದ ಸೌಭಾಗ್ಯ’ ತಂದಿತು ಎನ್ನುವುದು ಸಿನಿಮಾ ಪಂಡಿತರ ಮತ. ತರೀಕೆರೆ ಪಕ್ಕದ ಅಮೃತಾಪುರ ನೋಡಿಬಂದವರು ಇದನ್ನು ಒಪ್ಪಲಾರರು. ಇಮ್ಮಡಿ ವೀರಬಲ್ಲಾಳನ ದಂಡನಾಯಕ 1196ರಲ್ಲಿ ಕಟ್ಟಿಸಿದ ಅಮೃತೇಶ್ವರ ದೇವಾಲಯದ ಮಂಟಪದ ಗೋಡೆಯಲ್ಲಿ 140 ಫಲಕಗಳಿವೆ. ದಕ್ಷಿಣದ 70ರಲ್ಲಿ ರಾಮಾಯಣ. ಉತ್ತರದ 25ರಲ್ಲಿ ಕೃಷ್ಣನ ಕಥೆ, ಉಳಿದ 45ರಲ್ಲಿ ಮಹಾಭಾರತ. ದೂರದರ್ಶನಕ್ಕೆ ರಾಮಾಯಣ ಮುಗಿಸಲು 78 ಕಂತು ಬೇಕಾಯಿತು, ಮಹಾಭಾರತಕ್ಕೆ 94. ಹೊಯ್ಸಳರು ಜಾಹೀರಾತಿಲ್ಲದೆ, ಮಹಾಭಾರತವನ್ನಂತೂ ಅರ್ಧದೊಳಗೇ ಮುಗಿಸಿದರು. ಅಲ್ಲಿನ ಶಾಸನ ಬರೆದವನು ಕವಿ ಜನ್ನ. ಟೈಟಲ್ ಕಾರ್ಡಿಗೆ ಅಷ್ಟು ದೊಡ್ಡ ಕವಿಯನ್ನು ಕೂರಿಸಿದ ನಿರ್ಮಾಪಕ ಆಮೇಲೆ ಹುಟ್ಟಿಲ್ಲ. ಕರೆಂಟು ಹೋದರೂ ಪ್ರದರ್ಶನ ನಿಲ್ಲುವುದಿಲ್ಲ. ಇರುವ ತೊಂದರೆ ಒಂದೇ: ಅಲ್ಲಿ ಚಿತ್ರ ನಿಂತಿರುತ್ತದೆ, ನೋಡುವವರು ನಡೆಯಬೇಕು. ಟಿವಿ ಇದನ್ನು ತಿರುವುಮುರುವು ಮಾಡಿತು. ಸೀಮೆಯ ಸಕ್ಕರೆ ಕಾಯಿಲೆಗೂ ಇದಕ್ಕೂ ಏನು ನಂಟು ಎನ್ನುವುದು ಬೇರೆ ಪ್ರಬಂಧದ ವಸ್ತು.

ಈ ಶಾಸ್ತ್ರದಲ್ಲಿ ಮೂರು ಪಂಥಗಳಿವೆ. ಕಡೂರಿನವರು ಅಂಗುಲವಾದಿಗಳು. ಸ್ವಾತಂತ್ರ್ಯ ಬರುವವರೆಗೂ ಇಡೀ ಜಿಲ್ಲೆಗೆ ಕಡೂರು ಜಿಲ್ಲೆ ಎಂದೇ ಹೆಸರಿತ್ತು. ಈಗ ಉಳಿದಿರುವುದು ತಾಲ್ಲೂಕು. ಹೋದ ವಿಸ್ತೀರ್ಣವನ್ನು ಟಿವಿಯಲ್ಲಾದರೂ ವಾಪಸು ಪಡೆಯಬೇಕೆಂಬ ಹಂಬಲ ಸಹಜ. ತರೀಕೆರೆಯವರು ನಾದವಾದಿಗಳು: ಚಿತ್ರ ಹೇಗಿದ್ದರೂ ಸರಿ, ಮಾತು ಸ್ಪಷ್ಟ ಕೇಳಬೇಕು. ಅಜ್ಜಂಪುರದವರು ಕಾಲವಾದಿಗಳು: ಈರುಳ್ಳಿಗೆ ರೇಟು ಬರಲಿ, ಆಮೇಲೆ ನೋಡೋಣ. ಕಾಯುವುದರಿಂದ ಲಾಭವಿಲ್ಲ ಎನ್ನುವಂತಿಲ್ಲ. 2025ರ ಸೆಪ್ಟೆಂಬರ್ 22ರಿಂದ 32 ಇಂಚಿಗಿಂತ ದೊಡ್ಡ ಟಿವಿಗಳ ಜಿಎಸ್‌ಟಿ ಶೇಕಡಾ 28ರಿಂದ 18ಕ್ಕೆ ಇಳಿದಾಗ, ಅದಕ್ಕೆ ಮುಂಚೆಯೇ ಕೊಂಡಿದ್ದ ಅಂಗುಲವಾದಿಗಳು ಕೆಲವು ದಿನ ಸಂತೆಯಲ್ಲಿ ಯಾರ ಮುಖವನ್ನೂ ನೋಡಲಿಲ್ಲ.

ಅಂಗುಲ ಪ್ರಕರಣ

ಜಮೀನನ್ನು ಉದ್ದ ಅಗಲದಲ್ಲಿ ಅಳೆಯುತ್ತೇವೆ, ಹೂವನ್ನು ಮೊಳದಲ್ಲಿ. ಟಿವಿಯನ್ನು ಮಾತ್ರ ಮೂಲೆಯಿಂದ ಮೂಲೆಗೆ ಅಡ್ಡಡ್ಡ ಅಳೆಯುತ್ತಾರೆ. ಇದರಲ್ಲೊಂದು ಮಾಯೆ ಅಡಗಿದೆ. ಹಳೆಯ ಡಬ್ಬಾ ಟಿವಿಯ ಆಕಾರ 4:3, ಹೊಸದರದು 16:9. ಹಾಗಾಗಿ ಹಳೆಯ 29 ಇಂಚಿನದನ್ನು ಗುಜರಿಗೆ ಹಾಕಿ 32 ಇಂಚಿನದನ್ನು ತಂದರೆ ಪರದೆ ಅಗಲವಾಗುತ್ತದೆ, ಎತ್ತರ ಕಮ್ಮಿಯಾಗುತ್ತದೆ. ಲೆಕ್ಕ ಹಾಕಿದರೆ ಹೊಸದರ ಎತ್ತರ 16 ಇಂಚೂ ಮುಟ್ಟುವುದಿಲ್ಲ. ದುಡ್ಡು ಕೊಟ್ಟು ಅಣ್ಣಾವ್ರನ್ನು ಕುಳ್ಳಗೆ ಮಾಡಿಕೊಂಡಂತಾಯಿತು.

ಅಷ್ಟಕ್ಕೂ ಈ 16:9 ಎಲ್ಲಿಂದ ಬಂತು? 1980ರ ದಶಕದಲ್ಲಿ ಕೆರ್ನ್ಸ್ ಪವರ್ಸ್ ಎಂಬ ಅಮೆರಿಕದ ಎಂಜಿನಿಯರು ಟಿವಿಯ 4:3ರಿಂದ ಸಿನಿಮಾಸ್ಕೋಪಿನ 2.35ರವರೆಗಿನ ಆಕಾರಗಳನ್ನೆಲ್ಲ ಒಂದರ ಮೇಲೊಂದಿಟ್ಟು, ಯಾರಿಗೂ ಹೆಚ್ಚು ಅನ್ಯಾಯವಾಗದ ನಡುವಿನ ಅಳತೆ ಹುಡುಕಿದ. ಪಂಚಾಯ್ತಿ ಕಟ್ಟೆಯ ರಾಜಿ ಎಂದರೆ ಇದೇ: ಎಲ್ಲರಿಗೂ ಸಮನಾಗಿ ನಷ್ಟ. 1972ರ ‘ಬಂಗಾರದ ಮನುಷ್ಯ’ ಹಾಕಿದರೆ ಎಡಬಲದಲ್ಲಿ ಸುಮಾರು ಕಾಲು ಭಾಗ ಕಪ್ಪು. ಈಗಿನ ಸ್ಕೋಪ್ ಚಿತ್ರ ಹಾಕಿದರೆ ಮೇಲೂ ಕೆಳಗೂ ಸೇರಿ ಕಾಲು ಭಾಗ ಕಪ್ಪು. ಆಗ ಮನೆಯ ಹಿರಿಯರು ಒಂದು ಮಾತು ಹೇಳಿಯೇ ಹೇಳುತ್ತಾರೆ: “ಪೂರಾ ಟಿವಿಗೆ ದುಡ್ಡು ಕೊಟ್ಟಿಲ್ವೇನೋ? ಮುಕ್ಕಾಲೇ ಬರ್ತೈತಲ್ಲ!” ಮೊಮ್ಮಗ ರಿಮೋಟಿನಲ್ಲಿ ಯಾವುದೋ ಗುಂಡಿ ಒತ್ತಿ ಚಿತ್ರವನ್ನು ಎಳೆದು ಪರದೆ ತುಂಬಿಸುತ್ತಾನೆ. ‘ಬಂಗಾರದ ಮನುಷ್ಯ’ದ ರಾಜೀವಪ್ಪ ಅಡ್ಡಕ್ಕೆ ಮೂರನೇ ಒಂದು ಪಾಲು ದಪ್ಪಗಾಗುತ್ತಾನೆ. ತಾತ ಸಂತೃಪ್ತರು. ನನ್ನ ಮಟ್ಟಿಗೆ, ಈ ಗುಂಡಿಯನ್ನು ಕಾರ್ಖಾನೆಯಲ್ಲೇ ಕಿತ್ತುಹಾಕಬೇಕು.

ದೂರದ ವಿಷಯಕ್ಕೆ ಬಂದರೆ ಶಾಸ್ತ್ರ ಪೂರ್ತಿ ಕಡೂರಿನವರ ಪರ. ಪರದೆ ಕಣ್ಣಿನ ಮುಂದೆ 30 ಡಿಗ್ರಿ ತುಂಬಬೇಕಾದರೆ ಅದರ ಕರ್ಣದ 1.6 ಪಟ್ಟು ದೂರದಲ್ಲಿ ಕೂರಬೇಕು; ಟಾಕೀಸಿನ ಅನುಭವಕ್ಕೆ 40 ಡಿಗ್ರಿ ಬೇಕೆನ್ನುವವರು 1.2 ಪಟ್ಟಿಗೆ ಇಳಿಯುತ್ತಾರೆ. ಹತ್ತು ಅಡಿ ಎಂದರೆ 120 ಇಂಚು. ಮೊದಲ ಲೆಕ್ಕಕ್ಕೆ 75 ಇಂಚಿನ ಟಿವಿ, ಎರಡನೆಯದಕ್ಕೆ 100. ಅಂಗುಲವಾದಿಗಳು ಇಲ್ಲಿ ಚಪ್ಪಾಳೆ ತಟ್ಟುತ್ತಾರೆ. ಆದರೆ ಉತ್ತರಪಕ್ಷ ಇನ್ನೂ ಬಾಕಿ ಇದೆ. ಹಳೆ ಕಾಲದ ಸೆಟ್‌ಟಾಪ್ ಡಬ್ಬದಿಂದ ಬರುವ ಸಾದಾ ಚಾನೆಲ್ಲಿನ ಚಿತ್ರದಲ್ಲಿರುವುದು 576 ಗೆರೆ. ಅದನ್ನು 75 ಇಂಚಿಗೆ ಹರಡಿದರೆ ಧಾರಾವಾಹಿಯ ಅತ್ತೆ ಯಾರು, ಸೊಸೆ ಯಾರು ಎಂದು ಗುರುತಿಸುವುದೇ ಕಷ್ಟ.

ಅದಕ್ಕಿಂತ ದೊಡ್ಡ ಅಡ್ಡಿ ಶೋಕೇಸು. ತೊಂಬತ್ತರ ದಶಕದಲ್ಲಿ ಮನೆ ಕಟ್ಟಿಸಿದವರು 21 ಇಂಚಿನ ಟಿವಿಯೇ ನಾಗರಿಕತೆಯ ತುತ್ತತುದಿ ಎಂದು ಭಾವಿಸಿ, ಅದರ ಅಳತೆಗೆ ಗೋಡೆಯಲ್ಲೇ ಸಿಮೆಂಟಿನ ಗೂಡು ಮಾಡಿಸಿದರು. ಮೇಲಿನ ಖಾನೆಯಲ್ಲಿ ಮಗಳ ಬಹುಮಾನದ ಕಪ್ಪುಗಳು, ಪ್ಲಾಸ್ಟಿಕ್ ಹೂವು, ಧರ್ಮಸ್ಥಳದಿಂದ ತಂದ ಫೋಟೋ. 43 ಇಂಚಿನ ಟಿವಿಗೆ ಮೂರಡಿಗೂ ಹೆಚ್ಚು ಅಗಲ ಬೇಕು, 55ರದ್ದಕ್ಕೆ ನಾಲ್ಕಡಿ. ಗೂಡು ಒಡೆದರೆ ಮನೆಯೊಡತಿ ಒಪ್ಪುವುದಿಲ್ಲ. ಒಡೆಯದಿದ್ದರೆ ಟಿವಿ ಗೂಡಿನ ಮೇಲಕ್ಕೆ ಹೋಗುತ್ತದೆ, ಸೂರಿನ ಹತ್ತಿರಕ್ಕೆ. ಪರದೆಯ ನಡುಭಾಗ ಕೂತವರ ಕಣ್ಣಿನ ಎತ್ತರಕ್ಕಿರಬೇಕೆನ್ನುವುದು ನಿಯಮ. ಆದರೆ ನಮ್ಮಲ್ಲಿ ಅರ್ಧ ಜನ ಕುರ್ಚಿಯಲ್ಲಿ, ಅರ್ಧ ಜನ ಚಾಪೆಯಲ್ಲಿ. ಚಾಪೆಯವರು ಗೋಪುರ ನೋಡುವ ಭಂಗಿಯಲ್ಲಿ ಮೂರು ಗಂಟೆ ಕೂತು, ಮಾರನೇ ದಿನ ಕತ್ತಿಗೆ ಎಣ್ಣೆ ಹಚ್ಚಿಸಿಕೊಳ್ಳುತ್ತಾರೆ.

ಅಂಗಡಿಗೆ ಹೋದಾಗ ಪ್ರಮಾಣಗಳನ್ನು ಹೇಗೆ ಬಳಸಬೇಕು? ಪ್ರತ್ಯಕ್ಷ ಪ್ರಮಾಣ ಅಲ್ಲಿ ನಡೆಯುವುದಿಲ್ಲ. ಅಂಗಡಿಯ ಝಗಮಗ ಬೆಳಕಿಗೆ ಗೆಲ್ಲಲೆಂದೇ ಬಣ್ಣವನ್ನೆಲ್ಲ ಮಿತಿಮೀರಿ ಏರಿಸಿಟ್ಟಿರುತ್ತಾರೆ; ಗಿಳಿ, ಜಲಪಾತ, ಜೇನುತುಪ್ಪ ಬಿಟ್ಟು ಬೇರೇನನ್ನೂ ತೋರಿಸುವುದಿಲ್ಲ. ಮನೆಗೆ ತಂದ ಕೂಡಲೇ ‘ಸಿನಿಮಾ’ ಮೋಡಿಗೆ ಹಾಕಬೇಕು, ಚಲನೆಯನ್ನು ನಯಗೊಳಿಸುವ ಸೌಲಭ್ಯವನ್ನು ಆಫ್ ಮಾಡಬೇಕು. ಸಿನಿಮಾ ಓಡುವುದು ಸೆಕೆಂಡಿಗೆ 24 ಚೌಕಟ್ಟಿನಲ್ಲಿ. ಟಿವಿ ತಾನೇ ನಡುನಡುವೆ ಚೌಕಟ್ಟು ಸೃಷ್ಟಿಸಿ ತುಂಬಿದರೆ ಕೋಟಿ ಸುರಿದ ಸಿನಿಮಾವೂ ಮಧ್ಯಾಹ್ನದ ಧಾರಾವಾಹಿಯಂತೆ ಕಾಣುತ್ತದೆ. ಶಬ್ದ ಪ್ರಮಾಣ, ಅಂದರೆ ಆಪ್ತವಾಕ್ಯ: ಅಳಿಯ ಫೋನಿನಲ್ಲಿ ಹೇಳಿದ್ದು. ಇದನ್ನು ಪ್ರಶ್ನಿಸುವ ಧೈರ್ಯ ಯಾವ ಮಾವನಿಗೂ ಇಲ್ಲ.

ಅನುಮಾನ ಪ್ರಮಾಣದಲ್ಲಿ ಮಂಡಿ ವ್ಯಾಪಾರ ಬಲ್ಲವರನ್ನು ಮೀರಿಸುವವರಿಲ್ಲ. “ಇದು ಫೋರ್ ಕೆ ಯಜಮಾನ್ರೆ,” ಅಂದ ಹುಡುಗ. “ಅಂದ್ರೆ?” “ಅಡ್ಡಕ್ಕೆ ನಾಲ್ಕ್ ಸಾವ್ರ ಚುಕ್ಕಿ.” “ಸರಿಯಾಗ್ ಹೇಳಪ್ಪ, ಎಷ್ಟು?” ಹುಡುಗ ಫೋನು ತೆಗೆದು ನೋಡಿದ. 3840. “ನೂರಾ ಅರವತ್ತು ಕಮ್ಮಿ ತೂಗ್ತಿದೀಯ. ರೇಟಲ್ಲೂ ಹಂಗೇ ಕಮ್ಮಿ ಮಾಡು.” ಇದಕ್ಕೆ ಉತ್ತರ ಯಾವ ಕಂಪನಿಯ ಪುಸ್ತಕದಲ್ಲೂ ಇಲ್ಲ.

ಅಜ್ಜಂಪುರದವರು ಅಮೃತ್ ಮಹಲ್ ಹೋರಿಗಳನ್ನು ನೋಡಿ ಬೆಳೆದವರು. ಹಲ್ಲು ಎಣಿಸದೆ, ಸುಳಿ ನೋಡದೆ ಹಗ್ಗ ಹಿಡಿಯುವ ಜಾಯಮಾನ ಅವರದಲ್ಲ. ಅವರು ಟಿವಿಯ ಮುಂಭಾಗವನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ ಹಿಂದಕ್ಕೆ ಹೋಗುತ್ತಾರೆ. ಅದೇ ಸರಿ. ಹಿಂಭಾಗದ ಎಚ್‌ಡಿಎಂಐ ಕಿಂಡಿಗಳಲ್ಲಿ ಒಂದರ ಮೇಲೆ ‘ಎಆರ್‌ಸಿ’ ಅಥವಾ ‘ಇಎಆರ್‌ಸಿ’ ಎಂದು ಬರೆದಿದೆಯೇ? ಒಂದೇ ತಂತಿಯಲ್ಲಿ ಸೌಂಡು ಟಿವಿಯಿಂದ ಹೊರಬರುವ ದಾರಿ ಅದು. ಅದಿಲ್ಲದ ಟಿವಿಗೆ ಸೌಂಡ್‌ಬಾರ್ ಜೋಡಿಸಲು ಹೊರಟವರ ಮನೆಯಲ್ಲಿ ಮೂರು ರಿಮೋಟು, ಆರು ಅಭಿಪ್ರಾಯ. ಇನ್ನೊಂದು ಸುಳಿ: ಪರದೆಯ ಜಾತಿ. ವಿಎ ಪರದೆಯಲ್ಲಿ ಕಪ್ಪು ಕಪ್ಪಾಗಿಯೇ ಇರುತ್ತದೆ, ಆದರೆ ಪಕ್ಕದಿಂದ ನೋಡಿದರೆ ಬಣ್ಣ ತೊಳೆದಂತಾಗುತ್ತದೆ. ಐಪಿಎಸ್‌ನಲ್ಲಿ ಕಪ್ಪು ಬೂದಿಯಾಗಿ ಕಂಡರೂ ಅಡುಗೆಮನೆ ಬಾಗಿಲಲ್ಲಿ ಒಗ್ಗರಣೆ ಸೌಟು ಹಿಡಿದು ನಿಂತವರಿಗೂ ಚಿತ್ರ ಸರಿಯಾಗಿರುತ್ತದೆ. ನೆಂಟರು ಹೆಚ್ಚಿರುವ ಮನೆಗೆ ಎರಡನೆಯದೇ ಲೇಸು.

ನಾದ ಪ್ರಕರಣ

ಟಿವಿಗಳು ತೆಳ್ಳಗಾದಂತೆಲ್ಲ ಅವುಗಳ ಸ್ಪೀಕರು ಸೊರಗಿತು; ಎಷ್ಟೋ ಟಿವಿಗಳಲ್ಲಿ ಅದು ಕೆಳಮುಖವಾಗಿ, ನೆಲಕ್ಕೆ ಮಾತಾಡುತ್ತದೆ. ಹಾಗಾಗಿ ಬೇರೆ ಸೌಂಡು ಬೇಕೇ ಬೇಕು. ಅಂತರರಾಷ್ಟ್ರೀಯ ಶಿಫಾರಸಿನಂತೆ ಎಡ ಬಲದ ಸ್ಪೀಕರುಗಳು ಕೂತವರ ನೇರದಿಂದ 30 ಡಿಗ್ರಿ ಆಚೀಚೆ ಇರಬೇಕು, ಸುತ್ತಿನವು 100ರಿಂದ 120 ಡಿಗ್ರಿಯಲ್ಲಿ, ಅಂದರೆ ಕಿವಿಗಿಂತ ಸ್ವಲ್ಪ ಹಿಂದೆ. ರೈಲ್ವೆಯವರು ಇದನ್ನು ಮೊದಲೇ ತಿಳಿದಿದ್ದರು. ಬೀರೂರು ಜಂಕ್ಷನ್ನಿನಲ್ಲಿ ಉತ್ತರಕ್ಕೆ ಮುಖಮಾಡಿ ಕೂತರೆ ತರೀಕೆರೆ ಲೈನು ಎಡಕ್ಕೆ ಕವಲೊಡೆಯುತ್ತದೆ, ಅಜ್ಜಂಪುರ ಲೈನು ಬಲಕ್ಕೆ. ಕಡೂರು ಬೆನ್ನ ಹಿಂದೆ. ಸ್ಟೀರಿಯೋಗೆ ಇದಕ್ಕಿಂತ ಒಳ್ಳೆಯ ನಕ್ಷೆ ನನಗೆ ಸಿಕ್ಕಿಲ್ಲ.

ನಾದವಾದಿಗಳ ದೊಡ್ಡ ಕೊಡುಗೆ ಪರೀಕ್ಷಾ ವಿಧಾನ. ಅಂಗಡಿಯವರು ಸೌಂಡು ತೋರಿಸಲು ಬಾಂಬು ಹಾರಿಸುತ್ತಾರೆ. ಬಾಂಬು ಎಂಥ ಡಬ್ಬದಲ್ಲೂ ಸಿಡಿಯುತ್ತದೆ. ತರೀಕೆರೆಯವರು ಮಾಡುವುದಿಷ್ಟು: ತಮ್ಮೂರ ಕೆರೆ ಏರಿಯ ಮೇಲೆ ಮೇಯುವ ಮೂರು ಕರಿ ಕುರಿಮರಿಗಳ ಆ ಲೋಕಪ್ರಸಿದ್ಧ ನಾಲಿಗೆ ತೊಡಕನ್ನು ಮನೆಯ ಹುಡುಗಿಯಿಂದ ಬಿರಬಿರನೆ ಹೇಳಿಸಿ, ಫೋನಿನಲ್ಲಿ ರೆಕಾರ್ಡು ಮಾಡಿ, ಸೌಂಡ್‌ಬಾರಿನಲ್ಲಿ ಹಾಕಿಸುತ್ತಾರೆ. ಕರಿ ಯಾವುದು, ಕುರಿ ಯಾವುದು, ಮರಿ ಯಾವುದು ಎಂದು ಬಿಡಿಬಿಡಿಯಾಗಿ ಕೇಳಿದರೆ ಅದಕ್ಕೆ ಒಳ್ಳೆಯ ನಡುಸ್ಪೀಕರು ಇದೆ ಎಂದರ್ಥ. ಸಿನಿಮಾದ ಮಾತೆಲ್ಲ ಬರುವುದು ಬಹುಪಾಲು ಆ ನಡುಸ್ಪೀಕರಿನಿಂದಲೇ, 5.1ರಲ್ಲಿ ಉಳಿದ ನಾಲ್ಕು ಸ್ಪೀಕರು, ಒಂದು ಸಬ್‌ವೂಫರು ಬರೀ ಪರಿವಾರ. ಡಬ್ಬದ ಮೇಲೆ ‘ಪಿಎಂಪಿಒ’ ಎಂದು ಸಾವಿರಗಟ್ಟಲೆ ವಾಟ್ ಬರೆದಿದ್ದರೆ ಓದದೆ ಮುಂದೆ ಹೋಗಬೇಕು. ಆ ಅಳತೆಗೆ ಒಪ್ಪಿತ ಮಾನದಂಡವೇ ಇಲ್ಲ, ನೋಡಬೇಕಾದ್ದು ‘ಆರ್‌ಎಂಎಸ್’.

ಕೋಣೆಯ ಮಾರ್ದನಿ ಬೇರೆ ಸಮಸ್ಯೆ. ಟೈಲ್ಸ್ ನೆಲ, ಆರ್‌ಸಿಸಿ ಸೂರು, ಬೋಳು ಗೋಡೆಯ ಹೊಸ ಮನೆಗಳಲ್ಲಿ ನಾಯಕ ಒಂದು ಸಲ ಆಡಿದ ಮಾತು ಮೂರು ಸಲ ಕೇಳುತ್ತದೆ. 1890ರ ದಶಕದಲ್ಲಿ ಹಾರ್ವರ್ಡಿನ ವಾಲೇಸ್ ಸಬೀನ್ ಇದೇ ತೊಂದರೆ ಬಿಡಿಸಲು ಪಕ್ಕದ ರಂಗಮಂದಿರದ ಸೀಟಿನ ಮೆತ್ತೆಗಳನ್ನು ರಾತ್ರಿ ಹೊತ್ತು ತಂದು, ಉಪನ್ಯಾಸದ ಕೊಠಡಿಯಲ್ಲಿ ಹರಡಿ, ಮಾರ್ದನಿ ಎಷ್ಟು ಹೊತ್ತು ಉಳಿಯುತ್ತದೆಂದು ಅಳೆದ. ಮೆತ್ತೆ ಹೆಚ್ಚಿದಂತೆ ಮಾರ್ದನಿ ಇಳಿಯಿತು. ಪಾಪ, ಅವನಿಗೆ ನಮ್ಮ ಸೀಮೆಯ ಪರಿಚಯವಿರಲಿಲ್ಲ. ಅಡಿಕೆ ಚೀಲ, ಮಡಿಸಿಟ್ಟ ಕಂಬಳಿ, ಹಾಸಿಗೆ ಸುರುಳಿ ಗೋಡೆಯುದ್ದಕ್ಕೂ ಇರುವ ಹಳೆಯ ನಡುಮನೆಯಲ್ಲಿ ಅವನ ಪ್ರಯೋಗ ಒಂದೇ ರಾತ್ರಿಯಲ್ಲಿ ಮುಗಿಯುತ್ತಿತ್ತು.

ಸಬ್‌ವೂಫರಿನ ದಪ್ಪ ದನಿ, ಸುಮಾರು 80 ಹರ್ಟ್ಸ್‌ಗಿಂತ ಕೆಳಗಿನದು, ಯಾವ ದಿಕ್ಕಿನಿಂದ ಬರುತ್ತದೆಂದು ಕಿವಿಗೆ ತಿಳಿಯುವುದಿಲ್ಲ. ಹಾಗಾಗಿ ಎಲ್ಲಿಟ್ಟರೂ ನಡೆಯುತ್ತದೆಂದು ಪುಸ್ತಕ ಹೇಳುತ್ತದೆ. ಪುಸ್ತಕ ಬರೆದವನ ಮನೆಯಲ್ಲಿ ಸ್ಟೀಲ್ ಡಬ್ಬಗಳ ಸ್ಟ್ಯಾಂಡು ಇರಲಿಕ್ಕಿಲ್ಲ. ನಮ್ಮಲ್ಲಿ ಖಳನಾಯಕ ಕಾರಿಂದ ಇಳಿದರೆ ಸಾಸಿವೆ ಡಬ್ಬದ ಮುಚ್ಚಳ ಮೊದಲು ನಡುಗುತ್ತದೆ, ಆಮೇಲೆ ರಾಗಿ ಹಿಟ್ಟಿನದು, ಕೊನೆಗೆ ಗೋಡೆಯ ತಟ್ಟೆಗಳು. ಒಳಗಿನಿಂದ ದನಿ ಬರುತ್ತದೆ: “ರೀ, ಆ ಗುಡುಗು ನಿಲ್ಸಿ, ಹಾಲು ಕೆಳಗಿಳಿಸ್ಬೇಕು!” ಸಬ್‌ವೂಫರನ್ನು ಅಡುಗೆಮನೆಯ ಗೋಡೆಯಿಂದ ದೂರ, ಗೋಣಿಚೀಲ ಮಡಿಸಿ ಅದರ ಮೇಲೆ ಇಡುವುದು.

ಕೊನೆಯದಾಗಿ ಡಾಲ್ಬಿ ಅಟ್ಮಾಸ್. 2012ರಲ್ಲಿ ‘ಬ್ರೇವ್’ ಚಿತ್ರದೊಂದಿಗೆ ಬಂದ ಈ ಪದ್ಧತಿಯಲ್ಲಿ 128 ಧ್ವನಿಗಳು ಒಟ್ಟಿಗೆ ಓಡಬಹುದು, ತಲೆಯ ಮೇಲಿನಿಂದಲೂ ಸೌಂಡು ಇಳಿಯುತ್ತದೆ. ಕಡೂರು ಸೀಮೆಯ ತೆಂಗಿನ ತೋಟದ ಮನೆಗಳಲ್ಲಿ ಇದೇನೂ ಹೊಸದಲ್ಲ. ಕೊಬ್ಬರಿಗೆಂದು ಅಟ್ಟದಲ್ಲಿ ತುಂಬಿದ ಕಾಯಿ ತಿಂಗಳುಗಟ್ಟಲೆ ಒಣಗುತ್ತದೆ. ಒಳಗಿನ ಗಿಟುಕು ಚಿಪ್ಪು ಬಿಟ್ಟ ಮೇಲೆ ಅಲುಗಿದರೆ ಲೊಡಲೊಡ ಎನ್ನುತ್ತದೆ. ರಾತ್ರಿ ಇಲಿ ಓಡಿ, ಹಿಂದೆ ಬೆಕ್ಕು ಓಡಿ, ಒಂದು ಕಾಯಿ ಉರುಳಿತೆಂದರೆ ಆ ದನಿ ವಾಯವ್ಯ ಮೂಲೆಯಿಂದ ಆಗ್ನೇಯಕ್ಕೆ ಹೋದದ್ದು ಮಲಗಿದವರಿಗೆ ಕರಾರುವಾಕ್ಕಾಗಿ ತಿಳಿಯುತ್ತದೆ. ಅಂಥ ಮನೆಯಲ್ಲಿ ಮೇಲ್ಮುಖದ ಸ್ಪೀಕರಿಗೆ ದುಡ್ಡು ಸುರಿಯುವುದು ಪುನರುಕ್ತಿ ದೋಷ.

ಹೀಗೆ ಮೂರೂ ಪಂಥಗಳ ವಾದವನ್ನು ಆಲಿಸಿ ಕೊಡುವ ತೀರ್ಪು: ಹತ್ತು ಅಡಿಯ ಹಜಾರಕ್ಕೆ 55 ಇಂಚು ಸಾಕು, ಶೋಕೇಸು ಒಡೆಯಿರಿ. ಇಂಚಿನಲ್ಲಿ ಉಳಿಸಿದ ದುಡ್ಡನ್ನು ನಡುಸ್ಪೀಕರು ಇರುವ 3.1 ಸೌಂಡ್‌ಬಾರಿಗೆ ಹಾಕಿ. ವೋಲ್ಟೇಜು ಏರಿಳಿಯುವ ಊರಾದರೆ ಸ್ಟೆಬಿಲೈಸರನ್ನು ಟಿವಿಯ ಜೊತೆಗೇ ತನ್ನಿ, ಸುಟ್ಟ ಮೇಲಲ್ಲ. ಅಟ್ಮಾಸ್ ವಿಚಾರವನ್ನು ಅಟ್ಟದ ಕೊಬ್ಬರಿ ಇಳಿಸಿ ಮಾರಿದ ಮೇಲೆ ನೋಡಿಕೊಳ್ಳಬಹುದು.