ಮಂದ್ರ-ತಾರ ಸೀಮಾನಿರ್ಣಯ: ಕೊಡಗಿನ ಕ್ರಾಸ್‌ಓವರ್ ಮೀಮಾಂಸೆ

ಲಕ್ಷಣ

ಒಂದೇ ಪೆಟ್ಟಿಗೆಯಲ್ಲಿ ಒಟ್ಟಿಗೆ ಬಾಳಬೇಕಾದ ವೂಫರ್ ಮತ್ತು ಟ್ವೀಟರ್‌ಗಳಿಗೆ ನಾದದ ಆಸ್ತಿಯನ್ನು ಪಾಲು ಮಾಡಿಕೊಡುವ ವಿದ್ಯುನ್ಮಂಡಲಕ್ಕೆ ಕ್ರಾಸ್‌ಓವರ್ ಎಂದು ಹೆಸರು. ವೂಫರ್ ಹಿರಿಯ: ಆರೂವರೆ ಇಂಚಿನ ಕಾಗದದ ಶಂಕು, ತೂಕದ ಮಾತು, ನಿಧಾನದ ನಡೆ. ಟ್ವೀಟರ್ ಕಿರಿಯ: ಒಂದಿಂಚಿನ ರೇಷ್ಮೆ ಗುಮ್ಮಟ, ಚುರುಕು ನಾಲಿಗೆ, ಅಲ್ಪ ಸಹನೆ. ಕಿರಿಯನ ಪಾಲನ್ನು ಹಿರಿಯನಿಗೆ ಕೊಟ್ಟರೆ ಮಾತು ತೊದಲುತ್ತದೆ. ಹಿರಿಯನ ಪಾಲನ್ನು ಕಿರಿಯನಿಗೆ ಕೊಟ್ಟರೆ ಕಾಯಿಲ್ ಸುಟ್ಟು ಕಿರಿಯನೇ ಹೋಗುತ್ತಾನೆ. ಆದ್ದರಿಂದ ಕ್ರಾಸ್‌ಓವರ್ ಈ ಒಕ್ಕದ (ಕೊಡವ ಮನೆತನದ) ಪಟ್ಟೆದಾರ, ಅಂದರೆ ಯಜಮಾನ. ತಾನು ಒಂದಕ್ಷರವೂ ಹಾಡುವುದಿಲ್ಲ. ಆದರೆ ಹಾಡುವವರ ಪಾಲಿನಲ್ಲಿ ಒಂದಿಷ್ಟನ್ನು ಬಿಸಿಯ ರೂಪದಲ್ಲಿ ಕಳೆಯದೆ ಬಿಡುವುದೂ ಇಲ್ಲ.

ಗಡಿ

ಗಡಿಕಲ್ಲು 2500 ಹರ್ಟ್ಸ್‌ನಲ್ಲಿ ನಿಲ್ಲತಕ್ಕದ್ದು. ಆ ಕಂಪನದ ತರಂಗದ ಉದ್ದ ಸುಮಾರು 13.7 ಸೆಂಟಿಮೀಟರ್; ವೂಫರಿನ ದುಡಿಯುವ ಶಂಕುವಿನ ವ್ಯಾಸವೂ ಹೆಚ್ಚುಕಡಿಮೆ ಅಷ್ಟೇ. ಅಲ್ಲಿಂದ ಮೇಲೆ ವೂಫರ್ ಎದುರಿಗೆ ಕೂತವರಿಗೆ ಮಾತ್ರ ಹಾಡುತ್ತದೆ, ಪಕ್ಕದ ಕುರ್ಚಿಯವರನ್ನು ಕಡೆಗಣಿಸುತ್ತದೆ. ಇತ್ತ ಟ್ವೀಟರಿನ ಸಹಜ ಅನುನಾದ 1000 ಹರ್ಟ್ಸ್ ಆಸುಪಾಸಿನಲ್ಲಿದ್ದರೆ, ಅದರ ಎರಡು ಪಟ್ಟಿಗಿಂತ ಕೆಳಗೆ ಗಡಿ ಹಾಕುವುದು ಶಿಶುಪೀಡೆ. ಎರಡರ ಕೇಂದ್ರಗಳ ನಡುವಿನ ದೂರ ಒಂದು ತರಂಗದ ಉದ್ದವನ್ನು ಮೀರಬಾರದು; ಅಂದರೆ ಇಬ್ಬರೂ ಚೌಕಟ್ಟಿಗೆ ಚೌಕಟ್ಟು ತಾಗಿಸಿಕೊಂಡೇ ಕೂರಬೇಕು.

ಮಡಿಕೇರಿ ಸಮುದ್ರಮಟ್ಟಕ್ಕಿಂತ 1100 ಮೀಟರ್‌ಗೂ ಮೇಲಿರುವುದರಿಂದ ಈ ಲೆಕ್ಕ ಬೇರೆಯಾಗಬೇಕೆಂಬ ವಾದ ಅಗ್ರಾಹ್ಯ. ಧ್ವನಿಯ ವೇಗ ಎತ್ತರವನ್ನು ಕೇಳುವುದಿಲ್ಲ, ಚಳಿಯನ್ನು ಕೇಳುತ್ತದೆ: 20 ಡಿಗ್ರಿಯಲ್ಲಿ ಸೆಕೆಂಡಿಗೆ 343 ಮೀಟರ್, 15 ಡಿಗ್ರಿಯಲ್ಲಿ 340. ಈ ಮೂರು ಮೀಟರನ್ನು ಕಂಬಳಿ ಹೊದ್ದ ಶ್ರೋತೃ ಗಮನಿಸಿದ ದಾಖಲೆಯಿಲ್ಲ.

ಪೂರ್ವಪಕ್ಷ ಮತ್ತು ಸಿದ್ಧಾಂತ

ಗಡಿಯಲ್ಲಿ ಗೋಡೆಯನ್ನೇ ಕಟ್ಟಿಬಿಡಬಾರದೇಕೆ ಎಂಬುದು ಪೂರ್ವಪಕ್ಷ. ಕಾಯಿಲ್ಲು, ಕಂಡೆನ್ಸರುಗಳಿಗೆ ಗೋಡೆ ಕಟ್ಟಲು ಬಾರದು. ಇಳಿಜಾರು ಮಾತ್ರ ಬರುತ್ತದೆ. ಕೊಡಗಿನ ಓದುಗರಿಗೆ ಇಳಿಜಾರಿನ ವಿವರಣೆ ಅನಗತ್ಯ. ವೂಫರಿಗೆ ಒಂದು ಕಾಯಿಲ್, ಟ್ವೀಟರಿಗೆ ಒಂದು ಕಂಡೆನ್ಸರ್ ಹಾಕಿದರೆ ಅಷ್ಟಕಕ್ಕೆ (ಆಕ್ಟೇವ್‌ಗೆ) 6 ಡೆಸಿಬೆಲ್ ಇಳಿಜಾರು. 8 ಓಂ ಲೆಕ್ಕದಲ್ಲಿ 0.5 ಮಿಲಿಹೆನ್ರಿ ಮತ್ತು 8 ಮೈಕ್ರೋಫ್ಯಾರಡ್. ಇದು ಅಗ್ಗ, ಸರಳ. ಆದರೆ ಇಷ್ಟು ಸೌಮ್ಯವಾದ ಬೇಲಿಯನ್ನು ಇಬ್ಬರೂ ದಾಟುತ್ತಾರೆ.

ಸಿದ್ಧಾಂತ ಹೀಗಿದೆ: ಇಬ್ಬರಿಗೂ ಒಂದೊಂದು ಕಾಯಿಲ್, ಒಂದೊಂದು ಕಂಡೆನ್ಸರ್, ಇಳಿಜಾರು 12 ಡೆಸಿಬೆಲ್. ಸಿಗ್‌ಫ್ರೀಡ್ ಲಿಂಕ್‌ವಿಟ್ಜ್ 1976ರಲ್ಲಿ ಪ್ರಕಟಿಸಿದ, ಅವರ ಮತ್ತು ರಸ್ ರೈಲಿಯವರ ಹೆಸರಿನ ಕ್ರಮದಲ್ಲಿ ಗಡಿಕಲ್ಲಿನ ಬಳಿ ಪ್ರತಿಯೊಬ್ಬರೂ 6 ಡೆಸಿಬೆಲ್ ತಗ್ಗಬೇಕು, ಎಂದರೆ ತಮ್ಮ ಒತ್ತಡದ ಅರ್ಧವನ್ನು ಬಿಟ್ಟುಕೊಡಬೇಕು. ಎರಡು ಅರ್ಧ ಕೂಡಿ ಒಂದು. ಗಡಿಯಲ್ಲಿ ಇಬ್ಬರೂ ಅರ್ಧ ಬಿಟ್ಟು ಇಡಿಯನ್ನು ಉಳಿಸಿಕೊಂಡ ಇಂಥ ಪಾಲುಪಟ್ಟಿ ಕಂದಾಯ ಕಚೇರಿಗಳಲ್ಲಿ ವಿರಳ. ಅದಕ್ಕೆ ಒಂದು ಷರತ್ತೂ ಇದೆ. ಈ ಇಳಿಜಾರು ಇಬ್ಬರನ್ನೂ 180 ಡಿಗ್ರಿ ಎದುರುಬದುರು ಮಾಡುತ್ತದೆ. ಟ್ವೀಟರಿನ ತಂತಿಗಳನ್ನು ಅದಲುಬದಲು ಮಾಡಿದರೆ ಮಾತ್ರ ಇಬ್ಬರೂ ಒಂದೇ ಮುಖವಾಗುತ್ತಾರೆ. ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು ಎಂದು ಶುದ್ಧಾಚಾರ ಪಾಲಿಸಿದವರಿಗೆ 2500 ಹರ್ಟ್ಸ್‌ನಲ್ಲಿ ಹಳ್ಳ ಬೀಳುತ್ತದೆ.

ದೋಷಪರಿಹಾರ

ಸೂತ್ರಗಳೆಲ್ಲ ವೂಫರ್ ಸದಾ 8 ಓಂ ಎಂದು ನಂಬುತ್ತವೆ. ಅದು ಬೆನ್ನಿನ ಮೇಲೆ ಬರೆದ ಸಂಖ್ಯೆ ಮಾತ್ರ. ಕಂಪನ ಏರಿದಂತೆ ವೂಫರಿನ ತಡೆಯೂ ಏರುತ್ತದೆ. ಕಾಯಿಲ್ಲಿನ ನೇರ ತಡೆ 6 ಓಂ, ಪ್ರೇರಕತೆ 0.6 ಮಿಲಿಹೆನ್ರಿ ಇದ್ದರೆ 7.5 ಓಂ ರೆಸಿಸ್ಟರನ್ನೂ 10 ಮೈಕ್ರೋಫ್ಯಾರಡ್ ಕಂಡೆನ್ಸರನ್ನೂ ಸಾಲಾಗಿ ಬೆಸೆದು ವೂಫರಿಗೆ ಅಡ್ಡ ಕಟ್ಟಬೇಕು. ಈ ಶಾಂತಿಕರ್ಮಕ್ಕೆ ಝೋಬೆಲ್ ಜಾಲ ಎಂದು ಹೆಸರು. ಟ್ವೀಟರ್ ಹಿರಿಯನಿಗಿಂತ 3 ಡೆಸಿಬೆಲ್ ಜೋರಾಗಿ ಕಿರುಚಿದರೆ ಸಾಲಿನಲ್ಲಿ 2.3 ಓಂ, ಅಡ್ಡಕ್ಕೆ 19 ಓಂ ಹಾಕಿ ಅದರ ದನಿ ತಗ್ಗಿಸಬೇಕು.

ದ್ರವ್ಯಸಂಗ್ರಹ

ಸಿದ್ಧಾಂತದ ಪ್ರಕಾರ ಪ್ರತಿ ಪೆಟ್ಟಿಗೆಗೆ 1 ಮಿಲಿಹೆನ್ರಿಯ ಎರಡು ಕಾಯಿಲ್, 4 ಮೈಕ್ರೋಫ್ಯಾರಡ್‌ನ ಎರಡು ಕಂಡೆನ್ಸರ್ ಬೇಕು. 4 ಎಮ್‌ಎಫ್‌ಡಿ ಎಂದರೆ ಫ್ಯಾನಿನ ಕಂಡೆನ್ಸರ್. ಪಾಲಿಪ್ರಾಪಿಲೀನ್ ಹಾಳೆಯದು, ಧನ-ಋಣ ಭೇದವಿಲ್ಲದ್ದು, 440 ವೋಲ್ಟ್ ತಡೆಯುವಂಥದು. ನಾದಕ್ಕೆ ಇದಕ್ಕಿಂತ ಅಗ್ಗದ ಸಜ್ಜನ ಸಿಗುವುದಿಲ್ಲ. ಆದರೆ ಫ್ಯಾನಿನ ಹಂಗಿಲ್ಲದ ಊರಿನಲ್ಲಿ ಫ್ಯಾನಿನ ಕಂಡೆನ್ಸರನ್ನು ಹುಡುಕುವುದು ತರ್ಕದೋಷ. ಆದಕಾರಣ ಮಡಿಕೇರಿಯ ವಿನ್ಯಾಸಕ ಸೆಕೆಯಿರುವ ಕುಶಾಲನಗರಕ್ಕೆ ಇಳಿಯತಕ್ಕದ್ದು. ಅಲ್ಲಿಯೂ ಸಿಗದಿದ್ದರೆ ಬೆಂಗಳೂರಿನ ಎಸ್.ಪಿ. ರೋಡ್ ಪರಮಗತಿ.

ಕಾಯಿಲ್ ಸುತ್ತಿಸಲು ಮೋಟಾರ್ ರಿವೈಂಡಿಂಗ್ ಅಂಗಡಿಯೇ ಕ್ಷೇತ್ರ. ಫೆಬ್ರುವರಿ-ಮಾರ್ಚ್‌ನಲ್ಲಿ ಅಲ್ಲಿಗೆ ಹೋಗಕೂಡದು. ರೊಬಸ್ಟಾ ಹೂವಿಗೆ ಸ್ಪ್ರಿಂಕ್ಲರ್ ಹಾಯಿಸುವ ಕಾಲವದು. ಪಂಪ್‌ಸೆಟ್ ಸುಟ್ಟುಕೊಂಡ ಪ್ಲಾಂಟರುಗಳ ಸಾಲಿನಲ್ಲಿ ಒಂದು ಮಿಲಿಹೆನ್ರಿಗೆ ಬೆಲೆಯಿಲ್ಲ. ಮಳೆಗಾಲದಲ್ಲಿ ಅಂಗಡಿಯವನಿಗೆ ಬಿಡುವಿರುತ್ತದೆ, ಕರೆಂಟಿಗೂ ಬಿಡುವಿರುತ್ತದೆ. ಎರಡು ಕಾಯಿಲ್‌ಗಳನ್ನು ಪರಸ್ಪರ ಲಂಬವಾಗಿ, ದೂರದೂರ ಕೂರಿಸಬೇಕು. ಅಕ್ಕಪಕ್ಕ ಮಲಗಿಸಿದರೆ ಒಂದರ ಗುಟ್ಟು ಇನ್ನೊಂದಕ್ಕೆ ತಿಳಿಯುತ್ತದೆ.

ಪೆಟ್ಟಿಗೆಗೆ ಬೀಟೆ ಮರವನ್ನು ಬಯಸುವವರು ಮೊದಲು ಅರಣ್ಯ ಇಲಾಖೆಯ ಅಪ್ಪಣೆಯನ್ನೂ ತಮ್ಮ ಜಮೀನಿನ ಮರಗಳ ಹಕ್ಕು ಯಾರದೆಂಬುದನ್ನೂ ವಿಚಾರಿಸಬೇಕು. ಅಷ್ಟರಲ್ಲಿ ಟ್ವೀಟರಿನ ರೇಷ್ಮೆ ಜೀರ್ಣವಾಗಬಹುದು. ಎಂಡಿಎಫ್ ಹಲಗೆ ಜುಲೈ ತಿಂಗಳಲ್ಲಿ ಉಬ್ಬುತ್ತದೆ. 18 ಮಿಲಿಮೀಟರ್ ಪ್ಲೈವುಡ್ ಸರ್ವಸಮ್ಮತ.

ಪರೀಕ್ಷೆ

ಟ್ವೀಟರಿನ ತಂತಿಗಳನ್ನು ಬೇಕೆಂದೇ ತಪ್ಪು ದಿಕ್ಕಿಗೆ ಜೋಡಿಸಿ ಮೈಕ್‌ನಿಂದ ಅಳೆದಾಗ ಗಡಿಯಲ್ಲಿ ಹಳ್ಳ ಆಳವಾಗಿ ಕಂಡರೆ, ಸರಿ ದಿಕ್ಕಿನಲ್ಲಿ ಅವು ಚೆನ್ನಾಗಿ ಕೂಡುತ್ತವೆ ಎಂದರ್ಥ. ಕೋಣೆಯ ಪ್ರತಿಧ್ವನಿ ಅಳೆಯಲು ಶಬ್ದವಿಜ್ಞಾನಿಗಳು ಪಿಸ್ತೂಲಿನ ಖಾಲಿ ಗುಂಡು ಹಾರಿಸುವುದುಂಟು. ಶಸ್ತ್ರ ಕಾಯ್ದೆಯ ಪರವಾನಗಿಯಿಂದ ಕೊಡವರಿಗೆ ವಿನಾಯಿತಿ ಇರುವುದರಿಂದ ಈ ಉಪಕರಣ ಮನೆಯಲ್ಲೇ ಲಭ್ಯ. ಆದರೂ ವಿಧಿ ಅದನ್ನು ನಿಷೇಧಿಸುತ್ತದೆ. ಕೊಡವ ಸಂಪ್ರದಾಯದಲ್ಲಿ ಮನೆಯಿಂದ ಒಂದು ಗುಂಡು ಕೇಳಿದರೆ ಹುಟ್ಟು, ಬೆನ್ನಿಗೆ ಎರಡು ಕೇಳಿದರೆ ಸಾವು. ಎಡ ಪೆಟ್ಟಿಗೆಗೊಂದು, ಬಲ ಪೆಟ್ಟಿಗೆಗೊಂದು ಹಾರಿಸಿದ ವಿನ್ಯಾಸಕನ ಅಂಗಳದಲ್ಲಿ ಬಿಳಿ ಬಟ್ಟೆಯ ನೆಂಟರು ನೆರೆದು, ಅಳತೆಯ ಮೌನ ಕೆಡುತ್ತದೆ.

ಸಂಗೀತದ ಪರೀಕ್ಷೆಗೆ ಮದುವೆಯ ವಾಲಗ ಶ್ರೇಷ್ಠ. ಡೋಲು ಹಿರಿಯನ ಪಾಲು. ಊದುವ ವಾದ್ಯದ ನಾದ ಗಡಿಯ ಎರಡೂ ಕಡೆ ಕಾಲಿಟ್ಟು ನಿಲ್ಲುತ್ತದೆ, ಹೊಲಿಗೆ ಬಿಟ್ಟಿದ್ದರೆ ಅಲ್ಲಿಯೇ ಕಾಣುತ್ತದೆ.

ಸಮಾಪ್ತಿಲಕ್ಷಣ

ವಾಲಗ ಕೇಳಿದ ಹಿರಿಯರು ಪೆಟ್ಟಿಗೆಯ ಕಡೆ ನೋಡದೆ ಕುಣಿಯತೊಡಗಿದರೆ ವಿನ್ಯಾಸ ಮುಗಿಯಿತು; ಆಮೇಲೆ ಬೆಸುಗೆಕಡ್ಡಿ ಮುಟ್ಟುವುದು ನಿಷಿದ್ಧ. ಎರಡನೆಯ ಪೆಟ್ಟಿಗೆಗೂ ಇದೇ ವಿಧಿ. ಅದು ಬೇರೆ ಒಕ್ಕವಾದ್ದರಿಂದ ರೆಸಿಸ್ಟರುಗಳನ್ನು ಮಾತ್ರ ಹೊಸದಾಗಿ ಹೊಂದಿಸಬೇಕು.